ಆಪ್ತರು ಹೌದು, ಬೀಗರಲ್ಲ

ಮಂಗಳವಾರ ಕೊಪ್ಪಳ ಜಿಲ್ಲೆಯ ಹುಲಿಗಿಯ ಕಡೆ ಹೋಗುವ ಬಸ್ಸುಗಳಲ್ಲಿ ನಿಲ್ಲಲೂ ಜಾಗ ಸಿಗುವುದು ಕಷ್ಟ. ಮಂಗಳವಾರ, ಶುಕ್ರವಾರ ಮತ್ತು ಹುಣ್ಣಿಮೆ ಅಲ್ಲಿಯ ದೇವಿ ಹುಲಿಗೆಮ್ಮನ ದಿನಗಳು. ಉಡಿ ತುಂಬುವವರು, ಹರಕೆ ತೀರಿಸುವವರು, ಸೊಸೆಯ ಮೈಮೇಲೆ ಏನೋ ಬರುತ್ತದೆಂದು ಕರೆದುಕೊಂಡು ಬಂದವರು, ಎಲ್ಲರೂ ತುಂಗಭದ್ರೆಯ ದಂಡೆಯಲ್ಲಿ ಇಳಿಯುತ್ತಾರೆ. ಅದೇ ಮಂಗಳವಾರವನ್ನು ಸರಕಾರವೂ ಆರಿಸಿಕೊಂಡಿದೆ. 'ಮನೋಚೈತನ್ಯ' ಎಂಬ ರಾಜ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬಂದು ಕೂಡುವ ವಾರ ಅದು. ಇಲಾಖೆಯವರ ಬಾಯಲ್ಲಿ 'ಸೂಪರ್ ಟ್ಯೂಸ್‌ಡೇ'. ವಾರ ಗೊತ್ತುಮಾಡಿದವರಿಗೆ ಹುಲಿಗೆಮ್ಮ ನೆನಪಿದ್ದಳೋ ಇಲ್ಲವೋ. ಎರಡೂ ಕಡೆ ಹೊರಟ ಮಂದಿ ಹೇಳಿಕೊಳ್ಳುವುದು ಮಾತ್ರ ಒಂದನ್ನೇ: "ಜೀವಕ್ಕ ಸಮಾಧಾನ ಇಲ್ರಿ. ತಲಿ ಚಿಟ್ಟ ಹಿಡದೈತಿ. ಎದಿ ಢವಢವ ಅಂತೈತಿ. ರಾತ್ರಿ ನಿದ್ದಿ ಹತ್ತಂಗಿಲ್ಲ."

ಗುಡಿಯಲ್ಲಿ ಇದನ್ನು ಯಾರ ಮುಂದೆ ಹೇಳಬೇಕೆಂಬುದು ತಲೆಮಾರುಗಳಿಂದ ಗೊತ್ತಿದೆ. ಆಸ್ಪತ್ರೆಯಲ್ಲಿ ಮೇಜಿನ ಆಚೆ ಕೂತವರು ಯಾರು? ಅವರು ಸ್ವಾಮಿಗಳೂ ಅಲ್ಲ, ಸೋದರಮಾವನೂ ಅಲ್ಲ. ಊರಿನ ಹಿರಿಯರಲ್ಲ, ಕೆಲವೊಮ್ಮೆ ವಯಸ್ಸಿನಲ್ಲಿ ಹಿರಿಯರೂ ಅಲ್ಲ. ಹಾಗಿರುವಾಗ ಅವರ ಎದುರು ಅಳುವುದು ಹೇಗೆ, ಅತ್ತ ಮೇಲೆ ಏನಾಗುತ್ತದೆ? ಈ ಬರಹ ಹುಡುಕಲು ಹೊರಟಿರುವುದು ಇದನ್ನೇ.

ಮೊದಲು ಹೆಸರಿನ ಮಾತು. 'ಕೌನ್ಸೆಲಿಂಗ್' ಎಂದರೆ ಕರ್ನಾಟಕದ ಬಹುಪಾಲು ಮನೆಗಳಲ್ಲಿ ಸಿಇಟಿ ಸೀಟು ಇಲ್ಲವೇ ಶಿಕ್ಷಕರ ವರ್ಗಾವಣೆ ನೆನಪಾಗುತ್ತದೆ. ಕೌನ್ಸೆಲಿಂಗಿಗೆ ಬನ್ನಿ ಎಂದು ಕರೆದರೆ ಯಾವ ಕಾಲೇಜಿಗೆ ಎಂದು ಕೇಳುವವರನ್ನು ನಕ್ಕು ತಳ್ಳಿಹಾಕುವಂತಿಲ್ಲ. ಇದಕ್ಕೆ ಕನ್ನಡದಲ್ಲಿ ನಿಂತ ಮಾತು 'ಆಪ್ತಸಮಾಲೋಚನೆ'. ಎಚ್‌ಐವಿ ಪರೀಕ್ಷಾ ಕೇಂದ್ರಗಳ ಬೋರ್ಡು, ಹದಿಹರೆಯದವರಿಗಾಗಿ ಇರುವ ಸ್ನೇಹಾ ಕ್ಲಿನಿಕ್ಕು, ಮಹಿಳೆಯರ ಸಾಂತ್ವನ ಕೇಂದ್ರ ಇವುಗಳಿಂದ ಆ ಪದ ಹಳ್ಳಿಯವರೆಗೂ ಬಂದಿದೆ. ಇಂಗ್ಲಿಷಿನ ಮೂಲಪದದಲ್ಲಿ ಇರುವುದು ಸಲಹೆ, ಆಲೋಚನೆ ಅಷ್ಟೇ. ಅದರ ಮುಂದೆ 'ಆಪ್ತ' ಎಂಬ ಎರಡಕ್ಷರ ಸೇರಿಸಿದ್ದು ಕನ್ನಡದವರು. ಯಾರೋ ಗುಮಾಸ್ತೆಯೋ ಭಾಷಾಂತರಕಾರರೋ ಮಾಡಿರಬಹುದಾದ ಆ ಕೆಲಸಕ್ಕೆ ಒಂದು ನಮಸ್ಕಾರ ಸಲ್ಲಬೇಕು. ಮನಶ್ಶಾಸ್ತ್ರಜ್ಞರು ನೂರು ವರ್ಷ ಚರ್ಚೆ ಮಾಡಿ ತಲುಪಿದ ಜಾಗಕ್ಕೆ ಆ ಎರಡಕ್ಷರ ಒಂದೇ ಜಿಗಿತದಲ್ಲಿ ತಲುಪಿವೆ.

ಇನ್ನೊಂದು ಬದಿಯಲ್ಲಿ ಕೂತವರಿಗೆ ಮಾತ್ರ ಒಪ್ಪುವ ಹೆಸರು ಸಿಕ್ಕಿಲ್ಲ. 'ರೋಗಿ' ಎಂದರೆ ಕುಗ್ಗುತ್ತಾರೆ. 'ಕಕ್ಷಿದಾರ' ಎಂದರೆ ಕೋರ್ಟು ಕಣ್ಣಮುಂದೆ ಬರುತ್ತದೆ. 'ಸಲಹಾರ್ಥಿ' ಎಂದರೆ ಸಲಹೆ ಕೊಡದೆ ಗತಿಯಿಲ್ಲ. ಇಲ್ಲಿ ಅವರನ್ನು 'ಬಂದವರು' ಎಂದು ಕರೆದರೆ ಸಾಕು. ಬರುವುದೇ ಅರ್ಧ ಕೆಲಸ.

ಕೊಪ್ಪಳ ಸೀಮೆಗೆ ಈ ವಿದ್ಯೆ ತೀರ ಹೊಸದೇನಲ್ಲ. ಪಶ್ಚಿಮಕ್ಕೆ ಧಾರವಾಡವಿದೆ, ಬ್ರಿಟಿಷರ ಕಾಲದಿಂದ ಅಲ್ಲಿ ಮನೋರೋಗಿಗಳ ಆಸ್ಪತ್ರೆ ಇದೆ. ಈ ಭಾಗದಲ್ಲಿ "ಇವನ್ನ ಧಾರವಾಡಕ್ಕ ಕಳಸಬೇಕು" ಎಂದರೆ ಓದಲು ಕಳಿಸಬೇಕು ಎಂಬ ಅರ್ಥವೇ ಆಗಬೇಕೆಂದಿಲ್ಲ. ನದಿಯ ಆಚೆ ಬಳ್ಳಾರಿಯಿದೆ. 1985ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಒಂದು ಇಡೀ ಜಿಲ್ಲೆಯಲ್ಲಿ ಮಾನಸಿಕ ಆರೋಗ್ಯ ಸೇವೆ ಕೊಡಲು ಸಾಧ್ಯವೇ ಎಂದು ಪ್ರಯೋಗಕ್ಕೆ ಇಳಿದದ್ದು ಅಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಸಹಾಯಕರಿಗೆ ತರಬೇತಿ ಕೊಟ್ಟು, ಕಾಯಿಲೆ ಗುರುತಿಸಿ ಔಷಧಿ ಕೊಡುವ ಆ ಬಳ್ಳಾರಿ ಮಾದರಿಯೇ 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಡಿಪಾಯವಾಯಿತು. ಮರುವರ್ಷ, 1997ರಲ್ಲಿ, ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ತಾನೇ ಜಿಲ್ಲೆಯಾಯಿತು. ದೇಶಕ್ಕೆ ಮಾದರಿಯಾದದ್ದು ಪಕ್ಕದ ಜಿಲ್ಲೆ ಎಂಬುದು ಹೆಮ್ಮೆಯ ಮಾತೇ. ಆದರೆ ಒಂದು ಕೊರತೆಯನ್ನೂ ಹೇಳಬೇಕು: ಆ ಮಾದರಿ ಗುಳಿಗೆಯನ್ನು ಹಳ್ಳಿಗೆ ತಲುಪಿಸಿತು, ಕೂತು ಕೇಳುವ ಹೊತ್ತನ್ನು ತಲುಪಿಸಲಿಲ್ಲ.

ಕೇಳುವ ಹೊತ್ತಿಗೆ ಏನು ಬೆಲೆ? ಫ್ರಾಯ್ಡ್ ವಿಯೆನ್ನಾದಲ್ಲಿ ಕಂಡುಕೊಂಡ ಮುಖ್ಯ ಸಂಗತಿಗಳಲ್ಲಿ ಒಂದು, ಬಂದವರು ತಮ್ಮ ತಂದೆ ತಾಯಿಗಳ ಮೇಲಿದ್ದ ಪ್ರೀತಿ, ಸಿಟ್ಟು, ಭಯಗಳನ್ನು ಎದುರು ಕೂತ ವೈದ್ಯನ ಮೇಲೆ ಹೊರಿಸುತ್ತಾರೆ ಎಂಬುದು. ಮೊದಲು ಅವರಿಗೆ ಇದು ಚಿಕಿತ್ಸೆಗೆ ಅಡ್ಡಿ ಅನಿಸಿತು. ಆಮೇಲೆ ಚಿಕಿತ್ಸೆ ನಡೆಯುವ ಅಂಗಳವೇ ಅದು ಎಂದು ತಿಳಿಯಿತು. ಅಮೆರಿಕದ ಕಾರ್ಲ್ ರೋಜರ್ಸ್ 1957ರಲ್ಲಿ ಇನ್ನೂ ಮುಂದೆ ಹೋದರು. ಕೇಳುವವರಲ್ಲಿ ಒಳಗೊಂದು ಹೊರಗೊಂದು ಇರಬಾರದು, ಬಂದವರನ್ನು ತೂಗಿ ನೋಡದೆ ಒಪ್ಪಬೇಕು, ಅವರ ನೋವನ್ನು ಅವರ ಜಾಗದಲ್ಲಿ ನಿಂತು ಅರಿಯಬೇಕು. ಬದಲಾವಣೆಗೆ ಬೇಕಾದದ್ದು ಇಂಥ ಸಂಬಂಧವೇ, ತಂತ್ರಗಳಲ್ಲ ಎಂದು ಅವರು ವಾದಿಸಿದರು. 1979ರಲ್ಲಿ ಎಡ್ವರ್ಡ್ ಬೋರ್ಡಿನ್ ಇದನ್ನು ನೆಲಕ್ಕೆ ಇಳಿಸಿದರು: ಎಲ್ಲಿಗೆ ಹೋಗಬೇಕೆಂದು ಇಬ್ಬರಿಗೂ ಒಮ್ಮತವಿರಬೇಕು, ಹೋಗುವ ದಾರಿಯ ಬಗ್ಗೆ ಒಪ್ಪಂದವಿರಬೇಕು, ನಡುವೆ ನಂಟಿರಬೇಕು.

ಇದು ಬರೀ ಒಳ್ಳೆಯ ಮಾತಾಗಿ ಉಳಿದಿಲ್ಲ. 2018ರಲ್ಲಿ ಪ್ರಕಟವಾದ ಒಂದು ಪರಿಶೀಲನೆ 295 ಅಧ್ಯಯನಗಳನ್ನು, 30,000ಕ್ಕೂ ಹೆಚ್ಚು ಜನರ ಚಿಕಿತ್ಸೆಯನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿತು. ಚಿಕಿತ್ಸೆ ಯಾವ ಪಂಥದ್ದೇ ಇರಲಿ, ಸಂಬಂಧ ಗಟ್ಟಿಯಿದ್ದಲ್ಲಿ ಗುಣ ಹೆಚ್ಚು ಎಂಬುದು ಅದರ ಫಲಿತ. ಗುಣದಲ್ಲಿ ಕಾಣುವ ವ್ಯತ್ಯಾಸದ ನೂರರಲ್ಲಿ ಸುಮಾರು ಎಂಟು ಪಾಲು ಸಂಬಂಧದೊಂದಿಗೆ ಹೆಣೆದುಕೊಂಡಿದೆ. ಎಂಟು ಎಂದರೆ ಸಣ್ಣದಾಗಿ ಕಾಣಬಹುದು. ಆದರೆ ಅಳೆಯಲು ಬರುವ ಸಂಗತಿಗಳಲ್ಲಿ ಇಷ್ಟು ಬಿಡದೆ ಮತ್ತೆ ಮತ್ತೆ ಕಾಣಿಸಿಕೊಳ್ಳುವುದು ಕಡಿಮೆ.

ಇಷ್ಟೆಲ್ಲ ವಿಯೆನ್ನಾ, ಅಮೆರಿಕದ ಮಾತಾಯಿತು. ಕುಷ್ಟಗಿ ತಾಲ್ಲೂಕು ಆಸ್ಪತ್ರೆಯ ಕೋಣೆಯಲ್ಲಿ ಮೊದಲ ಪ್ರಶ್ನೆ ಕೇಳುವವರು ಹೆಚ್ಚಾಗಿ ಬಂದವರೇ. "ಮೇಡಮ್ಮಾರ, ನಿಮ್ಮ ಊರು ಯಾವುದ್ರಿ?" ಅದರ ಬೆನ್ನಿಗೆ, "ಯಾರ ಪೈಕಿರಿ ನೀವು?" ಅದೂ ಆದ ಮೇಲೆ, "ಮದುವಿ ಆಗೇತೇನ್ರಿ? ಮಕ್ಕಳೆಷ್ಟು?" ಚಿಕಿತ್ಸಕರು ತಮ್ಮ ಬದುಕಿನ ಬಗ್ಗೆ ಬಾಯಿ ಬಿಡಬಾರದು ಎಂದು ಕಲಿತು ಬಂದ ಎಂಫಿಲ್ ಹುಡುಗಿ ಇಲ್ಲಿ ತಬ್ಬಿಬ್ಬಾಗುತ್ತಾಳೆ. ಪುಸ್ತಕ ಹೇಳುವಂತೆ "ನಿಮಗೆ ಅದು ಯಾಕೆ ಮುಖ್ಯ ಅನಿಸುತ್ತದೆ?" ಎಂದು ತಿರುಗಿಸಿ ಕೇಳಿದರೆ ಮಾತು ಅಲ್ಲಿಗೇ ಮುಗಿಯಿತು. ಊರು ಹೇಳದವರ ಮುಂದೆ ಮನೆಯ ಗುಟ್ಟು ಹೇಳುವುದುಂಟೇ? ಆದರೆ ಎರಡನೆಯ ಪ್ರಶ್ನೆ ಸುಲಭದ್ದಲ್ಲ. 'ಪೈಕಿ' ಎಂದರೆ ಇಲ್ಲಿ ಬಹುತೇಕ ಜಾತಿ. ಉತ್ತರ ಕೊಟ್ಟರೆ ಒಂದು ಬಾಗಿಲು ತೆರೆಯಬಹುದು, ಒಂದು ಮುಚ್ಚಬಹುದು. ಅನುಭವಿಗಳು ಊರು ಹೇಳುತ್ತಾರೆ, ಮಕ್ಕಳ ಸಂಗತಿ ಹೇಳುತ್ತಾರೆ, ಪೈಕಿಯ ಪ್ರಶ್ನೆಗೆ "ನಿಮ್ಮ ಪೈಕಿನೇ ಅಂತ ತಿಳ್ಕೊಳ್ರಿ" ಎಂದು ನಕ್ಕು ಮುಂದೆ ಹೋಗುತ್ತಾರೆ. ಯಾವ ಪಠ್ಯದಲ್ಲಿಯೂ ಇರದ ಈ ಉತ್ತರ ಪಠ್ಯದಲ್ಲಿ ಇರಬೇಕಾದದ್ದು.

ಈ ಕಸಿವಿಸಿಯನ್ನು ಮೊದಲು ಬರಹಕ್ಕೆ ತಂದವರಲ್ಲಿ ಬೆಂಗಳೂರಿನ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿದ್ದ ಎನ್. ಸಿ. ಸೂರ್ಯ ಮತ್ತು ಎಸ್. ಎಸ್. ಜಯರಾಮ್ ಸೇರುತ್ತಾರೆ. ಆ ಸಂಸ್ಥೆಯೇ ಮುಂದೆ 1974ರಲ್ಲಿ ಸರಕಾರಿ ಮಾನಸಿಕ ಆಸ್ಪತ್ರೆಯೊಂದಿಗೆ ಸೇರಿ ನಿಮ್ಹಾನ್ಸ್ ಆಯಿತು. 1964ರ ಅವರ ಲೇಖನದ ಸಾರ ಇದು: ಇಲ್ಲಿಯ ಜನ ಮನಸ್ಸಿನೊಳಗಿನ ತಾಕಲಾಟದ ವಿವರಣೆ ಕೇಳಿ ಬರುವುದಿಲ್ಲ, ಎದುರಿಗಿರುವ ಕಷ್ಟಕ್ಕೆ ಆಸರೆ ಕೇಳಿ ಬರುತ್ತಾರೆ, ಗಡಿಯಾರದ ಲೆಕ್ಕಕ್ಕೆ ಒಪ್ಪುವುದಿಲ್ಲ, ಚಿಕಿತ್ಸಕರನ್ನು ಬೇಗನೆ ಮನೆಯ ಸಂಬಂಧದೊಳಗೆ ಎಳೆದುಕೊಳ್ಳುತ್ತಾರೆ. ಅವರ ಕಣ್ಣಿನಲ್ಲಿ ಚಿಕಿತ್ಸಕರೆಂದರೆ ಕೂಡುಕುಟುಂಬದ ಹಿರಿಯರು. 1973ರಲ್ಲಿ ಜಸ್ವಂತ್ ಸಿಂಗ್ ನೇಕಿ, ಮನೋವೈದ್ಯರೂ ಪಂಜಾಬಿ ಕವಿಯೂ ಆಗಿದ್ದವರು, ಗುರುಶಿಷ್ಯ ಸಂಬಂಧವನ್ನೇ ಚಿಕಿತ್ಸೆಗೆ ಮಾದರಿಯಾಗಿ ಇಡಬಹುದೆಂದು ಬರೆದರು. ಅವಲಂಬನೆ ಎಂದರೆ ರೋಗ ಎಂದು ಪಶ್ಚಿಮ ನೋಡಿದರೆ, ಗುರುವಿನ ಮೇಲಿನ ಅವಲಂಬನೆ ಶಿಷ್ಯನನ್ನು ತನ್ನ ಕಾಲ ಮೇಲೆ ನಿಲ್ಲಿಸುವ ಮೆಟ್ಟಿಲು ಎಂಬುದು ನೇಕಿಯವರ ನೋಟ.

ಕೊಪ್ಪಳದ ಗವಿಮಠದ ಜಾತ್ರೆ ನೋಡಿದವರಿಗೆ ನೇಕಿಯವರ ಮಾತು ತಟ್ಟನೆ ಅರ್ಥವಾಗುತ್ತದೆ. ಆದರೆ ಅದರಲ್ಲಿ ಒಂದು ತೊಡಕೂ ಇದೆ. ಮಠದ ಸ್ವಾಮಿಗಳಾದ ಅಜ್ಜನವರ ಮುಂದೆ ಭಕ್ತರು ಕೈಮುಗಿಯುತ್ತಾರೆ, ಎದುರು ಮಾತಾಡುವುದಿಲ್ಲ. ಚಿಕಿತ್ಸೆಯಲ್ಲಿ ಎದುರು ಮಾತೇ ಬೇಕು. "ನೀವು ಹೇಳಿದ್ದು ನನಗ ಸರಿ ಅನಸಲಿಲ್ರಿ" ಎಂದು ಬಂದವರು ಹೇಳಿದ ದಿನ ಕೆಲಸ ನಿಜವಾಗಿ ಶುರುವಾಗುತ್ತದೆ. ಚಿಕಿತ್ಸೆಯ ನಡುವೆ ಮುನಿಸು ಬಂದು, ಅದನ್ನು ಬಾಯಿಬಿಟ್ಟು ಆಡಿ, ಸರಿಪಡಿಸಿಕೊಂಡಾಗ ಸಂಬಂಧ ಮೊದಲಿಗಿಂತ ಬಿಗಿಯಾಗುತ್ತದೆ ಎಂಬುದನ್ನು ಜೆರೆಮಿ ಸಾಫ್ರನ್ ಮತ್ತು ಕ್ರಿಸ್ಟೊಫರ್ ಮುರಾನ್ ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ನಮ್ಮಲ್ಲಿ ಮುನಿಸು ಬಂದವರು ಆಡುವುದಿಲ್ಲ. ಮುಂದಿನ ಮಂಗಳವಾರ ಬರುವುದಿಲ್ಲ, ಅಷ್ಟೇ. ಚೀಟಿಯಲ್ಲಿ 'ಗೈರುಹಾಜರು' ಎಂದು ಬರೆಯಲಾಗುತ್ತದೆ.

ಕುರ್ಚಿಯ ಸಂಗತಿಯೂ ಹೀಗೆಯೇ. ಯಲಬುರ್ಗಾದ ಹೊಲಗಳಿಂದ ಬಂದ ಮುದುಕಿ ಕುರ್ಚಿ ಇದ್ದರೂ ನೆಲಕ್ಕೆ ಕೂಡುತ್ತಾಳೆ. ಏಳಿಸಿ ಕೂರಿಸಿದರೆ ಅಂಚಿನಲ್ಲಿ ಕೂತು ಸೆರಗು ಬಿಗಿಹಿಡಿಯುತ್ತಾಳೆ. ಎರಡು ಭೇಟಿ ಕಳೆದು ಮೂರನೆಯದಕ್ಕೆ ಚೀಲ ಬಿಚ್ಚಿ ಶೇಂಗಾ, ಹಸಿ ಕಡಲೆ ಮೇಜಿನ ಮೇಲಿಡುತ್ತಾಳೆ; ಗಂಗಾವತಿಯ ನೀರಾವರಿ ಕಡೆಯವರಾದರೆ ಅಕ್ಕಿ, ಕುಷ್ಟಗಿ ಕಡೆಯವರಾದರೆ ದಾಳಿಂಬೆ. ಕಾಣಿಕೆ ಒಲ್ಲೆನ್ನಬೇಕು ಎನ್ನುತ್ತವೆ ವೃತ್ತಿಯ ನಿಯಮಗಳು, ಕನಿಷ್ಠ ಅದರ ಬಗ್ಗೆ ಎಚ್ಚರದಿಂದಿರಿ ಎನ್ನುತ್ತವೆ. ನಿಯಮಕ್ಕೆ ಕಾರಣವಿದೆ: ಕೊಟ್ಟವರಿಗೊಂದು, ಕೊಡದವರಿಗೊಂದು ಆಗಬಾರದು. ಆದರೆ ಒಂದು ಹಿಡಿ ಶೇಂಗಾ ತಿರಸ್ಕರಿಸಿದರೆ ಆಕೆಗೆ ಕಾಣುವುದು ನಿಯಮವಲ್ಲ, ತನ್ನ ಕೈಯ ಮೈಲಿಗೆ. ಜಾತಿಯ ಗಾಯ ಹಸಿಯಿರುವ ಸೀಮೆಯಲ್ಲಿ ಈ ತಪ್ಪು ಮಾಡಬಾರದು. ಹಿಡಿ ಶೇಂಗಾ ತೆಗೆದುಕೊಂಡು ಆಕೆಯ ಎದುರೇ ಎರಡು ಕಾಳು ಬಾಯಿಗೆ ಹಾಕಿಕೊಳ್ಳಬೇಕು. ಅಕ್ಕಿಯ ಚೀಲವನ್ನು ಕೈಮುಗಿದು ವಾಪಸು ಕಳಿಸಬೇಕು.

ಇನ್ನು ಗುಟ್ಟಿನ ಮಾತು. ಬಂದವರು ಒಬ್ಬರೇ ಬರುವುದು ಅಪರೂಪ. ಗಂಡನೋ ಅತ್ತೆಯೋ ಅಣ್ಣನೋ ಜೊತೆಗಿರುತ್ತಾರೆ, ಪ್ರಶ್ನೆ ಆಕೆಗೆ ಕೇಳಿದರೆ ಉತ್ತರ ಅವರು ಕೊಡುತ್ತಾರೆ. ಕುಟುಂಬವನ್ನು ಹೊರಗಿಡುವುದು ಭಾರತದ ಮನೋವೈದ್ಯದ ರೀತಿಯಲ್ಲ. 1950ರ ದಶಕದಲ್ಲಿ ಅಮೃತಸರದಲ್ಲಿ ಡಾ. ವಿದ್ಯಾಸಾಗರ್ ಆಸ್ಪತ್ರೆಯ ಆವರಣದಲ್ಲಿ ಡೇರೆ ಹಾಕಿ ರೋಗಿಗಳ ಮನೆಯವರನ್ನು ಇರಿಸಿಕೊಂಡಾಗಿನಿಂದ ಅವರೂ ಚಿಕಿತ್ಸೆಯ ಪಾಲುದಾರರು. ಆದರೆ ಪಾಲುದಾರರೇ ನೋವಿನ ಮೂಲವಾಗಿದ್ದರೆ? 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 23ನೇ ಕಲಂ ಗೋಪ್ಯತೆಯನ್ನು ಹಕ್ಕಾಗಿ ಕೊಟ್ಟಿದೆ. ಚಿಕಿತ್ಸೆ ಕೊಡುವ ಎಲ್ಲ ಆರೋಗ್ಯ ಸಿಬ್ಬಂದಿ ಅದಕ್ಕೆ ಬದ್ಧರು. ಇನ್ನೊಬ್ಬರ ಜೀವಕ್ಕೆ ಅಪಾಯವಿದ್ದಾಗ, ನ್ಯಾಯಾಲಯ ಆದೇಶಿಸಿದಾಗ ಮುಂತಾದ ಕೆಲವು ವಿನಾಯಿತಿಗಳು ಮಾತ್ರ ಇವೆ. ಮೊದಲನೆಯ ವಿನಾಯಿತಿಯ ಹಿಂದೆ ಕ್ಯಾಲಿಫೋರ್ನಿಯಾದ ಒಂದು ಕೊಲೆಯ ನೆರಳಿದೆ. 1969ರಲ್ಲಿ ಬರ್ಕ್‌ಲಿಯಲ್ಲಿ ಓದುತ್ತಿದ್ದ ಭಾರತೀಯ ವಿದ್ಯಾರ್ಥಿ ಪ್ರಸೆಂಜಿತ್ ಪೊದ್ದಾರ್ ತನ್ನ ಉದ್ದೇಶವನ್ನು ಚಿಕಿತ್ಸಕರ ಬಳಿ ಆಡಿದ್ದ, ಆಮೇಲೆ ಟಟಿಯಾನಾ ಟರಾಸಾಫ್‌ಳನ್ನು ಕೊಂದ. ಅಪಾಯದಲ್ಲಿ ಇರುವವರನ್ನು ಕಾಪಾಡುವುದೂ ಚಿಕಿತ್ಸಕರ ಹೊಣೆ ಎಂದು ಅಲ್ಲಿನ ನ್ಯಾಯಾಲಯ 1976ರಲ್ಲಿ ತೀರ್ಪು ಕೊಟ್ಟಿತು.

ಕಾಯ್ದೆ ದೊಡ್ಡದು, ಊರು ಸಣ್ಣದು. ಕೋಣೆಗೆ ಬಾಗಿಲ ಬದಲು ಪರದೆ ಇದ್ದರೆ 23ನೇ ಕಲಂ ಆ ಪರದೆಯಷ್ಟೇ ದಪ್ಪ. ಚೀಟಿ ಬರೆಯುವವರು ಬಂದವರ ಊರಿನವರೇ ಆಗಿದ್ದರೆ ಬಸ್ಸು ಊರು ಮುಟ್ಟುವ ಮೊದಲೇ ಸುದ್ದಿ ಮುಟ್ಟಿರುತ್ತದೆ. "ನಮ್ಮ ಮಾತು ಆಡೋರಿರಬೇಕು, ನಮ್ಮೂರಿನೋರು ಇರಬಾರದು" ಎಂಬುದು ಬಂದವರ ಒಳಗಿನ ಬೇಡಿಕೆ. ಆಪ್ತರಾಗಿರಬೇಕು, ಬೀಗರಾಗಿರಬಾರದು. ಬೀಗರಿಗೆ ಹೇಳಿದ ಗುಟ್ಟು ಮದುವೆ ಮುಂಜಿಯಲ್ಲಿ ಮರಳಿ ಬರುತ್ತದೆ.

ಚಿಕಿತ್ಸಕರ ಮತ್ತು ಬಂದವರ ನಡುವೆ ಬೇಲಿ ಯಾಕೆ ಬೇಕೆಂದು ಕನ್ನಡಿಗರಿಗೆ ಪಾಠ ಮಾಡಿದ್ದು ಪುಸ್ತಕವಲ್ಲ, ಸಿನಿಮಾ. ಪುಟ್ಟಣ್ಣ ಕಣಗಾಲ್ ಅವರ 'ಮಾನಸ ಸರೋವರ' 1982ರದು. ಶ್ರೀನಾಥ್ ಅದರಲ್ಲಿ ಮನೋವೈದ್ಯ ಆನಂದ್. ಹೆಂಡತಿ ದೂರವಾಗಿ ಮನೆ ಬರಿದಾದ ಮನುಷ್ಯ. ಮನಸ್ಸು ಕದಡಿದ ವಾಸಂತಿಯನ್ನು, ಆ ಪಾತ್ರ ಪದ್ಮಾ ವಾಸಂತಿಯವರದು, ಮಗುವಿನಂತೆ ನೋಡಿಕೊಂಡು ಗುಣಪಡಿಸುತ್ತಾನೆ. ಗುಣವಾಗುವ ಹೊತ್ತಿಗೆ ಅವಳನ್ನು ಪ್ರೀತಿಸತೊಡಗಿರುತ್ತಾನೆ. ಅವಳು ಮೆಚ್ಚುವುದು ಇನ್ನೊಬ್ಬನನ್ನು. ಕೊನೆಗೆ ಹುಚ್ಚನಾಗುವುದು ವೈದ್ಯ. ಪ್ರೇಕ್ಷಕರು ಅವನಿಗಾಗಿ ಅತ್ತರು. ಇಂದಿಗೂ ಆ ಹಾಡುಗಳು ಬಂದರೆ ರೇಡಿಯೋ ದನಿ ಏರಿಸುವವರಿದ್ದಾರೆ. ವೃತ್ತಿಯ ಕಣ್ಣಿನಿಂದ ನೋಡಿದರೆ ಅಳಬೇಕಾದದ್ದು ಅವಳಿಗಾಗಿ. ಅವಳ ಕೃತಜ್ಞತೆಯ ಸಾಲವನ್ನು ಅವನು ಪ್ರೇಮದ ಲೆಕ್ಕಕ್ಕೆ ಬರೆದುಕೊಂಡಿದ್ದ. ಫ್ರಾಯ್ಡ್ 1915ರಲ್ಲೇ ಈ ಬಗ್ಗೆ ಒಂದು ಲೇಖನ ಬರೆದು ವೈದ್ಯರನ್ನು ಎಚ್ಚರಿಸಿದ್ದರು: ಚಿಕಿತ್ಸೆಯ ನಡುವೆ ಹುಟ್ಟುವ ಪ್ರೀತಿಯನ್ನು ತನ್ನ ಗುಣಕ್ಕೆ ಸಿಕ್ಕ ಬಹುಮಾನ ಎಂದು ವೈದ್ಯ ತಿಳಿಯಬಾರದು, ಅದು ಆ ಸನ್ನಿವೇಶವೇ ಹುಟ್ಟಿಸಿದ್ದು. ಆನಂದನ ಮನೆಯ ಬರಿದುತನವನ್ನು ಕೇಳಿಸಿಕೊಳ್ಳಲು ಒಬ್ಬ ಹಿರಿಯ ಸಹೋದ್ಯೋಗಿ ಇದ್ದಿದ್ದರೆ ಸಿನಿಮಾ ಆಗುತ್ತಿರಲಿಲ್ಲ. ಕೇಳುವವರಿಗೂ ಕೇಳುವವರು ಬೇಕು. ತಾಲ್ಲೂಕಿಗೆ ಒಬ್ಬರೇ ಸಮಾಲೋಚಕರಿರುವ ಕಡೆ ಅವರು ತಮ್ಮ ಭಾರವನ್ನು ಇಳಿಸುವುದು ಎಲ್ಲಿ?

ಆಸ್ಪತ್ರೆಯ ಮಾತು ಇಷ್ಟಾಯಿತು. ಹಾಗಾದರೆ ಅದೇ ಮಂಗಳವಾರ ಹುಲಿಗಿಗೆ ಹೋಗುವವರು ದಾರಿ ತಪ್ಪಿದವರೇ? ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತು ಸಂಗಡಿಗರು ತಮಿಳುನಾಡಿನ ಮುತ್ತುಸ್ವಾಮಿ ದೇವಸ್ಥಾನದಲ್ಲಿ ತಂಗಿದ್ದ 31 ಮಂದಿ ಮನೋರೋಗಿಗಳನ್ನು ನೋಡಿ, 2002ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಸರಾಸರಿ ಆರು ವಾರ ಗುಡಿಯಲ್ಲಿದ್ದ ಅವರ ಲಕ್ಷಣಗಳ ಅಂಕ ಸುಮಾರು ನೂರಕ್ಕೆ ಇಪ್ಪತ್ತರಷ್ಟು ಇಳಿದಿತ್ತು. ಅಲ್ಲಿ ಬೈಯುವವರು, ಕಟ್ಟಿಹಾಕುವವರು ಇರಲಿಲ್ಲ. ಇದ್ದದ್ದು ಒಂದು ನೆರಳು, ಸಣ್ಣಪುಟ್ಟ ಕೆಲಸ, ಜೊತೆಗಿದ್ದ ಮನೆಯವರು. ಅದೇ ತಮಿಳುನಾಡಿನ ಎರವಾಡಿಯಲ್ಲಿ, ದರ್ಗಾದ ಊರಿನ ಒಂದು ಆಶ್ರಮದಲ್ಲಿ, 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಸರಪಳಿಯಲ್ಲಿದ್ದ 28 ಮಂದಿ ಸುಟ್ಟು ಸತ್ತರು. ಗುಡಿಯೋ ಆಸ್ಪತ್ರೆಯೋ ಎಂಬುದಕ್ಕಿಂತ ಅಲ್ಲಿ ಸಿಗುವುದು ನೆರಳೋ ಸರಪಳಿಯೋ ಎಂದು ನೋಡಬೇಕು.

ತಜ್ಞರೇ ಬೇಕೆಂದು ಕಾದರೆ ಕೊಪ್ಪಳ ಕಾಯುತ್ತಲೇ ಇರಬೇಕಾದೀತು. ಜಿಂಬಾಬ್ವೆಯ ಹರಾರೆಯಲ್ಲಿ ಡಿಕ್ಸನ್ ಚಿಬಾಂಡಾ ಎಂಬ ಮನೋವೈದ್ಯರು ಆಸ್ಪತ್ರೆಯ ಅಂಗಳದಲ್ಲಿ ಬೆಂಚು ಹಾಕಿಸಿ, ಅಜ್ಜಿಯಂದಿರಿಗೆ ತರಬೇತಿ ಕೊಟ್ಟು ಕೂರಿಸಿದರು. 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ 24 ಆರೋಗ್ಯ ಕೇಂದ್ರಗಳ 573 ಜನರಿದ್ದರು. ಬೆಂಚಿನ ಮೇಲೆ ಕೂತು ಮಾತಾಡಿದವರಲ್ಲಿ ಗುಣ ಹೆಚ್ಚು ಕಂಡಿತು. ಅಲ್ಲಿಯ ಶೋನಾ ಭಾಷೆಯಲ್ಲಿ ಆ ಕಾಯಿಲೆಗೆ ಇರುವ ಹೆಸರು 'ಕುಫುಂಗಿಸಿಸಾ'. ಅತಿಯಾಗಿ ಯೋಚನೆ ಮಾಡುವುದು ಎಂದು ಅದರ ಅರ್ಥ. ಕೊಪ್ಪಳದಲ್ಲಿ "ಚಿಂತಿ ಹಚ್ಚಿಕೊಂಡಾಳ" ಎನ್ನುವುದಿಲ್ಲವೇ, ಅದೇ. ಹತ್ತಿರದ ಗೋವಾದಲ್ಲಿ ಸಂಗತ್ ಸಂಸ್ಥೆಯವರು ಮನಶ್ಶಾಸ್ತ್ರ ಓದದ ಸ್ಥಳೀಯರಿಗೆ ತರಬೇತಿ ಕೊಟ್ಟು, ಖಿನ್ನತೆಯವರೊಂದಿಗೆ ಆರರಿಂದ ಎಂಟು ಭೇಟಿ ನಡೆಸುವ ಪದ್ಧತಿ ರೂಪಿಸಿದರು. 495 ಜನರ ಮೇಲೆ ನಡೆದ ಪರೀಕ್ಷೆಯ ಒಳ್ಳೆಯ ಫಲಿತಾಂಶ 2017ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಕನ್ನಡದಲ್ಲಿ ಈ ದಾರಿ ತುಳಿದವರು ಡಾ. ಸಿ. ಆರ್. ಚಂದ್ರಶೇಖರ್. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಅವರು ಮನಸ್ಸಿನ ಕಾಯಿಲೆಗಳ ಬಗ್ಗೆ ಜನಸಾಮಾನ್ಯರಿಗೆ ತಿಳಿಯುವ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದರು, ಬೆಂಗಳೂರಿನಲ್ಲಿ 'ಸಮಾಧಾನ' ಎಂಬ ಉಚಿತ ಸಮಾಲೋಚನಾ ಕೇಂದ್ರ ತೆರೆದರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂತು.

ಆದರೆ ಸೇವೆಯ ಹೆಸರಿನಲ್ಲಿ ಯಾರು ಬೇಕಾದರೂ ಬೋರ್ಡು ಹಾಕುವುದು ಬೇರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಎನಿಸಿಕೊಳ್ಳಲು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಎದುರು ಕೂತವರ ನೋಂದಣಿ ಸಂಖ್ಯೆ ಕೇಳುವುದು ಅವಮಾನ ಮಾಡಿದಂತಲ್ಲ. ಊರು ಕೇಳಿದ ಹಾಗೆ ಅದನ್ನೂ ಕೇಳಬಹುದು.

2022ರ ಅಕ್ಟೋಬರ್ 10ರಿಂದ 'ಟೆಲಿ ಮಾನಸ್' ಎಂಬ ಸರಕಾರಿ ಸಹಾಯವಾಣಿ ಇದೆ. 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ, ದುಡ್ಡಿಲ್ಲ. ನಮ್ಮ ಮಾತು ಆಡುವ, ನಮ್ಮೂರಿನವರಲ್ಲದ ಮನುಷ್ಯ ಬೇಕೆಂಬ ಬೇಡಿಕೆಗೆ ಇದು ಒಳ್ಳೆಯ ಉತ್ತರ. ಹೊಲದ ಬದುವಿನಲ್ಲಿ ನಿಂತು ಮಾತಾಡಬಹುದು. ಬಸ್ಸು ಹತ್ತಬೇಕಿಲ್ಲ, ಚೀಟಿ ಮಾಡಿಸಬೇಕಿಲ್ಲ. ಆದರೆ ಮೊದಲ ಸಲ ಕೇಳಿಸಿಕೊಂಡ ದನಿಯೇ ಮರುವಾರವೂ ಸಿಗಬೇಕೆಂಬ ಆಸೆ ಕರೆ ಮಾಡಿದವರಿಗೆ ಬಂದೇ ಬರುತ್ತದೆ. ಆಸ್ಪತ್ರೆಯಲ್ಲೂ ಇದೇ ತೊಂದರೆ. ಸಮಾಲೋಚಕರ ಹುದ್ದೆಗಳು ಬಹುಪಾಲು ಗುತ್ತಿಗೆಯವು. ಅವಧಿ ಮುಗಿದು ಒಬ್ಬರು ಹೋಗಿ ಇನ್ನೊಬ್ಬರು ಬಂದಾಗ ಕಡತ ಕೈ ಬದಲಾಗುತ್ತದೆ, ನಂಬಿಕೆ ಬದಲಾಗುವುದಿಲ್ಲ. ಬಂದವರು ಮೊದಲಿನಿಂದ ಹೇಳಲು ಶುರುಮಾಡಬೇಕು, ಇಲ್ಲವೇ ಸುಮ್ಮನಾಗಬೇಕು.

ಕೊಪ್ಪಳದಲ್ಲಿ ಈಗ ವೈದ್ಯಕೀಯ ಕಾಲೇಜಿದೆ. ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ, ಅವುಗಳಿಗೆ ಆರೋಗ್ಯ ರಕ್ಷಾ ಸಮಿತಿಗಳಿವೆ. ಆ ಸಮಿತಿಗಳಲ್ಲಿ ಕೂಡುವವರು ಈ ಪುಟಗಳನ್ನು ಓದುತ್ತಿದ್ದರೆ ಒಂದು ವಿನಂತಿ. ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಒಂದು ಸಾಲು ಸೇರಿಸಿ: ಸಮಾಲೋಚನೆಗೆ ಪೂರ್ತಿ ಮುಚ್ಚುವ ಬಾಗಿಲಿರುವ ಒಂದು ಕೋಣೆ, ಒಂದೇ ಎತ್ತರದ ಎರಡು ಕುರ್ಚಿ, ಮತ್ತು ಈ ವರ್ಷ ಕೂತವರೇ ಬರುವ ವರ್ಷವೂ ಕೂಡುವ ಏರ್ಪಾಡು.